ಎಷ್ಟು ಕ್ವಿಂಟಾಲ್ ಸಂಬಳ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳೇ ತಲೆಗಳಿಗೆ ರೂಪಾಯಿಯ ಮೇಲೆ ಪೂರ್ತಿ ಭರವಸೆ ಇಲ್ಲ. ಯಾರು ಯಾವ ಮೊತ್ತ ಹೇಳಿದರೂ ಬಾಯಲ್ಲಿ ‘ಹೂಂ’ ಅನ್ನುತ್ತ ಮನಸ್ಸಿನಲ್ಲೇ ಅದನ್ನು ಕೊಬ್ಬರಿಗೆ ಇಳಿಸಿಕೊಳ್ಳುತ್ತಾರೆ. ಬೋರ್‌ವೆಲ್ ಅಂದರೆ ಇಷ್ಟು ಕ್ವಿಂಟಾಲ್, ಮಗಳ ಮದುವೆ ಅಂದರೆ ಇಷ್ಟು, ಬೆಂಗಳೂರಿನ ಆಸ್ಪತ್ರೆ ಅಂದರೆ ಅಟ್ಟವೇ ಖಾಲಿ. ನಮ್ಮಪ್ಪ ಈ ಲೆಕ್ಕದಲ್ಲಿ ಪಳಗಿದ ಆಸಾಮಿ. ಹಾಗಾಗಿ ನನ್ನ ಅಕ್ಕನ ಮಗಳು ಪಿಎಚ್‌.ಡಿ. ಮುಗಿಸಿ 2023ರಲ್ಲಿ ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಪೋಸ್ಟ್‌ಡಾಕ್ ಅಂತ ಸೇರಿದಾಗ, ವಿಷಯ ಯಾವುದು, ಮೇಷ್ಟ್ರು ಯಾರು ಎಂದೆಲ್ಲ ಅವರು ಕೇಳಲಿಲ್ಲ. ಸಂಬಳ ಕೇಳಿದರು. ತಿಂಗಳಿಗೆ 58,000, ಮೇಲೆ ಮನೆ ಬಾಡಿಗೆ ಭತ್ಯೆ ಅಂದಳು. ಆ ವರ್ಷ ಉಂಡೆ ಕೊಬ್ಬರಿ ನೆಲಕಚ್ಚಿ ಕ್ವಿಂಟಾಲಿಗೆ 8,000 ರೂಪಾಯಿಯ ಆಸುಪಾಸಿನಲ್ಲಿತ್ತು. ಅಪ್ಪ ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದು, “ಏಳು ಕ್ವಿಂಟಾಲಿನ ಮೇಲಾಯ್ತು ಕಣವ್ವ! ತಿಂಗ್ಳು ತಿಂಗ್ಳೂ ಏಳು ಕ್ವಿಂಟಾಲು! ಅಟ್ಟ ಬೇಡ, ಸುಲಿಯೋರು ಬೇಡ, ಇಲಿ ಕಾಟ ಇಲ್ಲ” ಅಂದರು. ಮೊಮ್ಮಗಳು ಊರಿಗೇ ದೊಡ್ಡ ಬೆಳೆಗಾರಳಾದಳು.

ಈ 58,000 ಯಾರೋ ಕುಲಪತಿ ಮನಸ್ಸಿಗೆ ಬಂದಂತೆ ಬರೆದದ್ದೇನೂ ಅಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ರಿಸರ್ಚ್ ಅಸೋಸಿಯೇಟ್ ಎಂಬ ಹೆಸರಿನಲ್ಲಿ ಮೂರು ಮೆಟ್ಟಿಲು ಮಾಡಿದೆ: 58,000, 61,000, 67,000. ಆದೇಶ ಹೊರಟದ್ದು 2023ರ ಜೂನ್‌ನಲ್ಲಿ, ಜಾರಿ ಅದೇ ವರ್ಷದ ಜನವರಿಯಿಂದ. ಅದರ ಹಿಂದಿನ ಏರಿಕೆ 2019ರ ಜನವರಿಯದು. ದೇಶದ ನಾನಾ ಕಡೆ ಸಂಶೋಧನಾ ವಿದ್ಯಾರ್ಥಿಗಳು ಫಲಕ ಹಿಡಿದು ಬೀದಿಗಿಳಿದ ಮೇಲೆ ಬಂದದ್ದು. ಆಗ ಮೊದಲ ಮೆಟ್ಟಿಲಿಗೆ 47,000. ಅದಕ್ಕೂ ಹಿಂದೆ, 2014ರಲ್ಲಿ, 36,000.

ಈ ಅಂಕಿಗಳನ್ನು ಅಪ್ಪನ ಕೈಗೆ ಕೊಟ್ಟ ಸಂಜೆ ಅವರು ಮಂಡಿಯ ಹಳೇ ಪಟ್ಟಿಗಳ ಕಟ್ಟು ಬಿಚ್ಚಿಕೊಂಡು ಕೂತರು. ಮಾರುಕಟ್ಟೆ ಬೆಲೆ ಕುಣಿಯುವ ಕುದುರೆ, ನ್ಯಾಯಕ್ಕೆ ಬೆಂಬಲ ಬೆಲೆಯೇ ಸರಿ ಎಂದು ತಾವೇ ತೀರ್ಮಾನಿಸಿದರು. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕಟ್ಟಿದ ಬೆಂಬಲ ಬೆಲೆ 2014ರಲ್ಲಿ ಕ್ವಿಂಟಾಲಿಗೆ 5,500, 2019ರಲ್ಲಿ 9,920, 2023ರಲ್ಲಿ 11,750. ಹಾಗೆ ನೋಡಿದರೆ 2014ರ ಪೋಸ್ಟ್‌ಡಾಕ್ ತಿಂಗಳಿಗೆ ಆರೂವರೆ ಕ್ವಿಂಟಾಲಿನ ಕುಳ, 2019ರವನು ನಾಲ್ಕೂಮುಕ್ಕಾಲಿನವನು, 2023ರವಳು ಐದಕ್ಕೆ ಚೂರು ಕಮ್ಮಿ. “ರೂಪಾಯಿ ಏರೈತೆ, ಕೊಬ್ಬರಿ ಇಳಿದೈತೆ” ಎಂದು ಅಪ್ಪ ಕನ್ನಡಕ ತೆಗೆದರು. ಅರ್ಥಶಾಸ್ತ್ರಜ್ಞರು ಈ ಸೂಚ್ಯಂಕವನ್ನು ಒಪ್ಪುವುದು ಅನುಮಾನ. ಆದರೂ ನನಗೆ ಒಂದು ಮಾತು ನಿಜ ಅನ್ನಿಸಿತು. ಕೊಬ್ಬರಿಯ ಬೆಲೆ ವರ್ಷ ವರ್ಷ ಘೋಷಣೆಯಾಗುತ್ತದೆ, ಸಾಲದೆಂದು ನಮ್ಮವರು ರಸ್ತೆ ತಡೆಯುತ್ತಾರೆ, ಶಾಸಕರು ಬಂದು ಮನವಿ ತೆಗೆದುಕೊಳ್ಳುತ್ತಾರೆ. ಸಂಶೋಧಕರ ದರಕ್ಕೆ ನಾಲ್ಕೈದು ವರ್ಷಕ್ಕೊಮ್ಮೆ ಎಚ್ಚರವಾಗುತ್ತದೆ, ನಡುವೆ ಅದನ್ನು ಮಾತಾಡಿಸುವ ಶಾಸಕರನ್ನು ನಾನಂತೂ ಕಂಡಿಲ್ಲ.

2025ರಲ್ಲಿ ಕೊಬ್ಬರಿ 25,000 ದಾಟಿದಾಗ ಮೊಮ್ಮಗಳ ಸ್ಥಾನಮಾನ ಒಮ್ಮೆಗೇ ಕುಸಿಯಿತು. ಅವಳ ಸಂಬಳದಲ್ಲಿ ಒಂದು ರೂಪಾಯಿ ಕಡಿಮೆಯಾಗಿರಲಿಲ್ಲ. ಅಪ್ಪ ಮಾತ್ರ ಬಂದವರಿಗೆಲ್ಲ, “ಪಾಪ, ಎರಡು ಕ್ವಿಂಟಾಲಿಗೆ ದುಡೀತಾ ಐತೆ ಮಗು” ಎಂದು ಹೇಳಿಕೊಂಡು ಓಡಾಡಿದರು. ಬೆಂಗಳೂರಿನ ಬಸ್ಸಿಗೆ ತಿಂಡಿಯ ಡಬ್ಬಿ, ತುಪ್ಪದ ಬಾಟಲಿ ಹೋಗತೊಡಗಿದವು. ಬೆಲೆ ಏರಿದ್ದೇ ಮರದಲ್ಲಿ ಕಾಯಿ ಇಲ್ಲದ್ದಕ್ಕೆ, ಅಟ್ಟದಲ್ಲಿ ನಮಗೂ ಹೆಚ್ಚೇನೂ ಇರಲಿಲ್ಲ. ಅದನ್ನು ಅವರು ಯಾರಿಗೂ ಹೇಳಲಿಲ್ಲ.

ನೇಮಕಾತಿ ಆದೇಶವನ್ನು ಹುಡುಗಿ ಒಮ್ಮೆ ಜಗಲಿಯಲ್ಲಿ ಕೂತು ಓದಿ ಹೇಳಿದ್ದಳು. ಪೂರ್ಣ ತಾತ್ಕಾಲಿಕ. ಯೋಜನೆ ಇರುವವರೆಗೆ ಮಾತ್ರ, ಅದೂ ಒಂದೊಂದು ವರ್ಷಕ್ಕೆ. ಮುಂದುವರಿಸುವುದು ಕೆಲಸ ಹಾಗೂ ಅನುದಾನ ನೋಡಿಕೊಂಡು. ಕಾಯಂ ಮಾಡಿ ಎಂದು ಕೇಳುವ ಹಕ್ಕಿಲ್ಲ. ಬೋನಸ್ ಇಲ್ಲ, ಪ್ರವಾಸದ ರಿಯಾಯಿತಿ ಇಲ್ಲ, ನಿವೃತ್ತಿ ಸೌಲಭ್ಯ ಇಲ್ಲ. ಅಪ್ಪನ ಮುಖ ಮೊದಲು ಗಂಭೀರವಾಗಿ, ಆಮೇಲೆ ಅರಳಿತು. “ಇದನ್ನ ನಾನೇ ಬರೆಸಿದ್ದೀನಲ್ಲಯ್ಯ! ಪಕ್ಕದೂರಿನೋನಿಗೆ ತೋಟದ ಫಸಲು ಗುತ್ತಿಗೆಗೆ ಕೊಟ್ಟಾಗ ಪತ್ರದಾಗೆ ಇವೇ ಮಾತು. ಮರದ ಮ್ಯಾಲೆ ಹಕ್ಕಿಲ್ಲ, ವರ್ಷ ಆದ ಮ್ಯಾಲೆ ನೋಡನ ಅಂತ.” ಹೌದು ಎನ್ನುವುದನ್ನು ಬಿಟ್ಟು ನಮಗೆ ದಾರಿ ಇರಲಿಲ್ಲ. ಒಂದೇ ವ್ಯತ್ಯಾಸ, ಅಪ್ಪನ ಗುತ್ತಿಗೆದಾರ ಬೆಳೆ ಚೆನ್ನಾಗಿ ಬಂದ ವರ್ಷ ಲಾಭ ಮಾಡಿಕೊಳ್ಳುತ್ತಿದ್ದ.

ಗಂಡಿನ ಕಡೆಯವರಿಗೆ ಇದನ್ನು ಹೇಳುವುದು ಇನ್ನೂ ಕಷ್ಟ. ತುರುವೇಕೆರೆ ಕಡೆಯಿಂದ ಒಬ್ಬರು ಬಂದು ಉಪ್ಪಿಟ್ಟು ತಿಂದು, “ಹುಡುಗಿ ಕೆಲಸ ಪರ್ಮನೆಂಟಾ?” ಅಂದರು. “ಮುಂದಿನ ಮಾರ್ಚ್‌ವರೆಗೆ ಪರ್ಮನೆಂಟು” ಅಂದಳು ಇವಳು. ಅವರು ಕಾಫಿಗೆ ಕಾಯಲಿಲ್ಲ. ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಎಂಬುದೊಂದಿದೆ, ಅವಧಿ ಎರಡು ವರ್ಷ, ವಯಸ್ಸಿನ ಮಿತಿ 35, ಹೆಣ್ಣುಮಕ್ಕಳಿಗೆ ಐದು ವರ್ಷ ವಿನಾಯಿತಿ. ವಿಜ್ಞಾನ ಇಲಾಖೆ ತೋರಿಸುವ ಈ ಐದು ವರ್ಷದ ಔದಾರ್ಯವನ್ನು ಮದುವೆ ದಲ್ಲಾಳಿಗಳಿಗೂ ಯಾರಾದರೂ ಸುತ್ತೋಲೆ ಮೂಲಕ ತಿಳಿಸಬೇಕು.

ಹುಡುಗಿಯ ಕೆಲಸ ತೆಂಗಿನ ಕಪ್ಪು ತಲೆ ಹುಳದ ಮೇಲೆ. ನಮ್ಮ ತೋಟದ ಗರಿಗಳನ್ನು ಸುಟ್ಟಂತೆ ಒಣಗಿಸುವ ಹುಳವನ್ನು ನೋಡಲು ಮಗು ಬೆಂಗಳೂರಿಗೆ ಯಾಕೆ ಹೋಗಬೇಕು ಎಂಬುದು ಅಜ್ಜಿಯ ಪ್ರಶ್ನೆ. ಹುಳದ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಮುಗಿಸುವ ಗೋನಿಯೋಜಸ್ ಎಂಬ ಸಣ್ಣ ಕಣಜವನ್ನು ಸಾಕಿ ತೋಟಕ್ಕೆ ಬಿಡುತ್ತಾರೆ. ಈ ಹೆಸರು ನಮ್ಮ ಕಡೆ ಎಷ್ಟೋ ರೈತರ ಬಾಯಲ್ಲಿ ಸಲೀಸಾಗಿ ಬರುತ್ತದೆ. ಕಣಜ ಸಾಕಬೇಕಾದರೆ ಮೊದಲು ಅದಕ್ಕೆ ಆಹಾರವಾಗುವ ಹುಳ ಸಾಕಬೇಕು, ಆ ಹುಳಕ್ಕೆ ಮೇವು ಹಾಕಬೇಕು. ಹುಳಕ್ಕೆ ಭಾನುವಾರ ಗೊತ್ತಿಲ್ಲ. ಯುಗಾದಿಯ ಬೆಳಗ್ಗೆ ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು ಬಸ್ ಹತ್ತಿದವಳನ್ನು ನೋಡಿ ಅಪ್ಪ, “ಹಸು ಕಟ್ಟಿದೋರಿಗೆ ಹಿಂಗೇ” ಅಂದರು.

ರಜೆಯ ವಿಷಯದಲ್ಲಿ ಇಲಾಖೆಯ ನಿಯಮ ಸಂಕ್ಷಿಪ್ತವಾಗಿದೆ. ಜೂನಿಯರ್, ಸೀನಿಯರ್ ಫೆಲೋಗಳಿಗೆ ಸಾಂದರ್ಭಿಕ ರಜೆ ಮಾತ್ರ. ರಿಸರ್ಚ್ ಅಸೋಸಿಯೇಟ್‌ಗೆ ಅವರು ಕೆಲಸ ಮಾಡುವ ಸಂಸ್ಥೆಯ ನಿಯಮದಂತೆ. ಹೆರಿಗೆ ರಜೆ ಎಲ್ಲರಿಗೂ ಇದೆ, ಭಾರತ ಸರ್ಕಾರದ ಸೂಚನೆಯ ಪ್ರಕಾರ. ವಿಚಾರ ಸಂಕಿರಣಕ್ಕೆ ಹೋದರೆ ಅದು ಕರ್ತವ್ಯ. ಓದಲು ಚೆಂದ. ನಮ್ಮ ಹುಡುಗಿ ಅರ್ಜಿ ಹಿಡಿದು ಕಚೇರಿಗೆ ಹೋದಾಗ, ಸಂಸ್ಥೆಯ ನಿಯಮ ಕಾಯಂ ಸಿಬ್ಬಂದಿಗೆ ಅಂತ ಅಲ್ಲಿಯ ಗುಮಾಸ್ತರು, ಇಲಾಖೆಯ ನಿಯಮ ಸಂಸ್ಥೆಯದ್ದೇ ಅಂತ ಇವಳು. ಅರ್ಜಿ ಎರಡೂ ನಿಯಮಗಳ ನಡುವೆ ಒಂದು ಫೈಲಿನಲ್ಲಿ ತಾನೇ ರಜೆ ತೆಗೆದುಕೊಂಡು ಮಲಗಿತು.

ಇದೆಲ್ಲಕ್ಕಿಂತ ನನ್ನನ್ನು ಕಾಡುವುದು ಅವಧಿ. ತಿಪಟೂರು ಟಾಲ್ ತಳಿಯ ತೆಂಗಿನ ಸಸಿ ನೆಟ್ಟರೆ ಮೊದಲ ಹೊಂಬಾಳೆ ಕಾಣಲು ಆರೇಳು ವರ್ಷ. ಕಾಯಿ ಬಲಿಯಲು ಒಂದು ವರ್ಷ. ಅಟ್ಟಕ್ಕೆ ಹಾಕಿದ ಕಾಯಿ ನೀರು ಇಂಗಿ, ಅಲುಗಾಡಿಸಿದರೆ ಒಳಗೆ ಗಡಗಡ ಅನ್ನುವ ಉಂಡೆ ಕೊಬ್ಬರಿಯಾಗಲು ಇನ್ನೂ ಹತ್ತು ಹನ್ನೊಂದು ತಿಂಗಳು. ಇಂಥ ಮರದ ಮೇಲಿನ ಸಂಶೋಧನೆಗೆ ಕೊಡುವ ಯೋಜನೆ ಮೂರು ವರ್ಷದ್ದು, ನೇಮಕ ಒಂದು ವರ್ಷದ್ದು. 1916ರಲ್ಲಿ ಮದರಾಸು ಸರ್ಕಾರ ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರ ತೆರೆಯಿತು, ಇವತ್ತಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ (ಸಿಪಿಸಿಆರ್‌ಐ) ಅದೇ ಬೇರು. ತಿಪಟೂರು ಟಾಲ್‌ನಿಂದಲೇ ಆಯ್ದು ‘ಕಲ್ಪತರು’ ಎಂಬ ತಳಿಯನ್ನು ಕೊಟ್ಟವರೂ ಅವರೇ. ಒಂದೇ ಮರವನ್ನು ದಶಕಗಟ್ಟಲೆ ನೋಡುತ್ತ ಕೂರಲು ಸಂಬಳ ಕೊಡುವ ವ್ಯವಸ್ಥೆ ಇದ್ದದ್ದರಿಂದ ತಳಿ ಬಂತು. ಈಗಿನ ಹುಡುಗರು ಮರ ಹೂ ಬಿಡುವ ಮುಂಚೆ ಮೂರು ಊರು ಬದಲಾಯಿಸಿರುತ್ತಾರೆ. ವರದಿ ಬರೆಯುವವನೊಬ್ಬ, ಸಸಿ ನೆಟ್ಟವನು ಇನ್ನೊಬ್ಬ. ಹೀಗಾಗಿ ಸಂಶೋಧಕರೂ ಜಾಣರಾಗಿ ವರ್ಷದೊಳಗೆ ಹುಟ್ಟಿ ಸಾಯುವ ಹುಳಗಳನ್ನೇ ಆರಿಸಿಕೊಳ್ಳುತ್ತಾರೋ ಎಂದು ನನಗೆ ಗುಮಾನಿ. ಇವಳನ್ನು ಕೇಳಿದೆ. ನಕ್ಕಳು, ಇಲ್ಲ ಅನ್ನಲಿಲ್ಲ.

ಅವಧಿ ವಿಸ್ತರಣೆಯಲ್ಲಿ ನಮ್ಮೂರಿನ ಗಣಪತಿಯೇ ಅದೃಷ್ಟವಂತ. ಬೇರೆ ಊರಿನ ಗಣಪತಿಗಳು ಮೂರು ದಿನಕ್ಕೋ ಹನ್ನೊಂದು ದಿನಕ್ಕೋ ನೀರಿಗೆ ಬೀಳುವಾಗ ತಿಪಟೂರಿನ ಸತ್ಯಗಣಪತಿ ಎರಡು ತಿಂಗಳು ದಾಟಿದರೂ ಪೆಂಡಾಲಿನಲ್ಲಿ ಕೂತು ದಿನವೂ ನಾಟಕ, ಸಂಗೀತ ನೋಡುತ್ತಿರುತ್ತಾನೆ. ಆತನಿಗೆ ನವೀಕರಣದ ಅರ್ಜಿ ಬರೆಯುವ ಕಷ್ಟವಿಲ್ಲ.

ಪೋಸ್ಟ್‌ಡಾಕ್ ಮುಗಿಸಿ ಊರ ಕಡೆ ಬರುವವರಿಗೆ ಕಾಣುವ ಬಾಗಿಲು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಅತಿಥಿ ಉಪನ್ಯಾಸಕರ ಹುದ್ದೆ. ಅಲ್ಲಿಯ ಗೌರವಧನ 2022ರ ಜನವರಿಯಲ್ಲಿ ಗರಿಷ್ಠ 32,000ಕ್ಕೆ ಏರಿತು. 2023ರ ಕೊನೆಯಲ್ಲಿ ವಾರಗಟ್ಟಲೆ ತರಗತಿ ಬಿಟ್ಟು ಹೋರಾಡಿದ ಮೇಲೆ ಸೇವೆಯ ವರ್ಷ ನೋಡಿ ಇನ್ನೂ 5,000ದಿಂದ 8,000, ತಿಂಗಳಿಗೊಂದು ದಿನ ಸಂಬಳ ಸಹಿತ ರಜೆ ಎಂಬ ಮಾತು ಸಿಕ್ಕಿತು. ಕಾಯಂ ಎಂಬ ಮಾತು ಮಾತ್ರ ಸಿಗಲಿಲ್ಲ.

ಈ ಸಲ ಹುಡುಗಿಯ ನವೀಕರಣದ ಪತ್ರ ಬಂತು. ಹಳೇ ಅವಧಿ ಮುಗಿದು ಹೊಸದು ಶುರುವಾಗುವ ನಡುವೆ ಒಂದು ದಿನ ಖಾಲಿ. ಆ ದಿನ ಅವಳು ಯಾರ ನೌಕರಳೂ ಅಲ್ಲವಂತೆ. ಸೇವೆ ಕೂಡಿ ಹೋಗಬಾರದೆಂದು ಹಾಗೆ ಬಿಡುವುದಂತೆ. ಊರಿಗೆ ಬಂದಳು. ಅಪ್ಪನಿಗೆ ಇದು ಬಹಳ ಹಿಡಿಸಿತು. “ನಾಳೆ ಕಾಯಿ ಸುಲಿಯೋರು ಬರ್ತಾರೆ. ಲೆಕ್ಕ ಬರ್ಕೊಳ್ಳವ್ವ, ಒಂದು ದಿನದ ಸಂಬಳ ನಾನು ಕೊಡ್ತೀನಿ.”

“ಆದೇಶ ಕೊಡ್ತೀಯಾ ತಾತ?” ಅಂದಳು.

“ಬಾಯಿ ಮಾತು.”

“ಮನೆ ಬಾಡಿಗೆ?”

“ಮನೆ ನಂದೇ ಅಲ್ವಾ, ಇಲ್ಲೇ ಉಣ್ಣು.”

“ರಜೆ?”

ಅಪ್ಪ ಗಡ್ಡ ಕೆರೆದುಕೊಂಡರು. “ಆ ವಿಚಾರ ನಂಗೊತ್ತಿಲ್ಲ. ನಿಮ್ಮಜ್ಜಿನ ಕೇಳು.”

ಒಳಗೆ ರೊಟ್ಟಿ ತಟ್ಟುತ್ತಿದ್ದ ಅಮ್ಮ ಅಲ್ಲಿಂದಲೇ, “ಈ ಮನೇಗೆ ಬಂದು ಐವತ್ತು ವರ್ಷದ ಮ್ಯಾಲಾಯ್ತು, ನಂಗೆ ಯಾರೂ ಅರ್ಜಿ ಕೊಟ್ಟಿಲ್ಲ” ಅಂದರು.