ಹತ್ತು ಸಾವಿರದ ಹರಕೆ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ಆರರ ಹೊತ್ತಿಗೆ ಇಬ್ಬರು ಪಿಂಚಣಿದಾರರು ಎದುರುಬದುರಾದರೆ ಹಿಂದೆಲ್ಲ ಮೂರೇ ಪ್ರಶ್ನೆ: ಡಿಎ ಬಂತಾ, ಶುಗರ್ ಎಷ್ಟಿದೆ, ಮಗಳಿಗೆ ಎಲ್ಲಾದರೂ ಗೊತ್ತಾಯಿತಾ. ಈಗ ಮೂರೂ ಹಿಂದೆ ಸರಿದಿವೆ. "ನಿಮ್ಮದೆಷ್ಟಾಯ್ತು?" ಅಂತ ಒಬ್ಬರು, "ಆರು ಸಾವಿರದ ಇನ್ನೂರು, ನಿಮ್ಮದು?" ಅಂತ ಇನ್ನೊಬ್ಬರು. ಹೊಸಬರು ಯಾರಾದರೂ ಕೇಳಿಸಿಕೊಂಡರೆ ಸೈಟಿನ ಚದರಡಿ ದರ ಅಂದುಕೊಳ್ಳಬೇಕು.

ಅರವತ್ತು ದಾಟಿದವರಿಗೆ ಲೆಕ್ಕ ಅಂದರೆ ಪ್ರಾಣ. ಮೂವತ್ತು ಮೂವತ್ತೈದು ವರ್ಷ ಲೆಡ್ಜರು, ಹಾಜರಿ ಪುಸ್ತಕ, ಅಂಕಪಟ್ಟಿ ಅಂತ ಕೂಡಿ ಕಳೆದ ಕೈ, ಬೀಳ್ಕೊಡುಗೆಯ ಶಾಲು ಹೊದ್ದು ಮನೆಗೆ ಬಂದ ಮರುದಿನದಿಂದ ಕೂಡಿಸಲು ಏನೂ ಸಿಗದೆ ಚಡಪಡಿಸುತ್ತದೆ. ಅಂಥ ಕೈಗೆ ಮಕ್ಕಳು ಹೆಜ್ಜೆ ಎಣಿಸುವ ಒಂದು ಗಡಿಯಾರ ಕಟ್ಟಿಬಿಟ್ಟರು. ದಿನಕ್ಕೆ ಹತ್ತು ಸಾವಿರ ಅನ್ನುವುದು ಗುರಿ. ನಮ್ಮ ಗುಂಪಿನ ಬ್ಯಾಂಕಿನ ರಾಯರು ದಿನಚರಿಯಲ್ಲಿ ತಾರೀಖು ಹಾಕಿ ಹೆಜ್ಜೆ ಬರೆಯುತ್ತಾರೆ. ಭಾನುವಾರ ಸಂಜೆ ಟ್ಯಾಲಿ. ಒಂದು ರಾತ್ರಿ ಮಲಗುವ ಮುಂಚೆ ಗಡಿಯಾರ ನೋಡಿಕೊಂಡರೆ 9,640. ಹಾಗೇ ಬಿಟ್ಟು ಮಲಗುವ ಜಾಯಮಾನವೇ? ದೀಪ ಹಾಕದೆ ನಡುಮನೆಯಿಂದ ಬಚ್ಚಲಿಗೆ, ಬಚ್ಚಲಿಂದ ನಡುಮನೆಗೆ ಓಡಾಡಲು ಶುರುಮಾಡಿದರು. ಸೊಸೆ ಗಾಬರಿಯಿಂದ ಎದ್ದು ಬಂದು, "ಮಾವ, ಏನಾದ್ರೂ ಬೇಕಿತ್ತಾ?" ಅಂದಳು. "ಮುನ್ನೂರ ಅರವತ್ತು ಬೇಕಿತ್ತಮ್ಮ" ಅಂದರು ರಾಯರು. ಆಕೆ ಪಾಪ, ಒಳಗೆ ಹೋಗಿ ಪರ್ಸ್ ತಂದಳು.

ಇದೇ ರಾಯರು ಸರಸ್ವತೀಪುರದ ಮನೆಯಿಂದ ಕೆರೆಗೆ ಸ್ಕೂಟರಿನಲ್ಲಿ ಬರುತ್ತಾರೆ ಅನ್ನುವುದನ್ನೂ ಹೇಳಿಬಿಡಬೇಕು. ಕೂಗಿದರೆ ಕೇಳಿಸುವಷ್ಟು ದೂರ. ಬಂದು, ನೆರಳು ಹುಡುಕಿ, ಸ್ಟ್ಯಾಂಡ್ ಹಾಕಿ, ಬೀಗ ಜಗ್ಗಿ ನೋಡಿ, ಆಮೇಲೆ ಮೊದಲನೆಯ ಹೆಜ್ಜೆ. ಕೇಳಿದರೆ, "ವಾಕಿಂಗಿಗೆ ಬರೋಕೂ ನಡ್ಕೊಂಡೇ ಬರೋದೇನ್ರೀ?" ಅನ್ನುತ್ತಾರೆ. ಇದಕ್ಕೆ ಉತ್ತರ ಇರುವವರು ಯಾರಾದರೂ ಇದ್ದರೆ ಹೇಳಲಿ.

ಅಷ್ಟಕ್ಕೂ ಈ ಹತ್ತು ಸಾವಿರವನ್ನು ವಿಧಿಸಿದವರು ಯಾರು? ಚರಕನೂ ಅಲ್ಲ, ಸುಶ್ರುತನೂ ಅಲ್ಲ, ನಮ್ಮ ಕೆ.ಆರ್. ಆಸ್ಪತ್ರೆಯ ಯಾವ ಹಳೇ ಡಾಕ್ಟರೂ ಅಲ್ಲ. 1964ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸ್ ನಡೆದು ಜಪಾನಿನವರಿಗೆಲ್ಲ ಮೈ ಬಗ್ಗಿಸುವ ಉಮೇದು ಬಂದಿತ್ತು. ಮರುವರ್ಷವೇ ಯಮಾಸಾ ಎಂಬ ಅಲ್ಲಿನ ಗಡಿಯಾರದ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಂದು ಪುಟ್ಟ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. 'ಮಾನ್‌ಪೊ-ಕೇ' ಅಂತ ಹೆಸರು. ಹತ್ತು ಸಾವಿರ ಹೆಜ್ಜೆ ಅನ್ನುವುದು ಆ ಹೆಸರಿನಲ್ಲೇ ಕೂತಿತ್ತು. ಅಂಗಡಿಯಲ್ಲಿ ಚೆನ್ನಾಗಿ ಕೇಳಿಸುವ ಸಂಖ್ಯೆ ಅದು. ಯಂತ್ರ ಖರ್ಚಾಯಿತು, ಸಂಖ್ಯೆ ಉಳಿಯಿತು, ಉಳಿದದ್ದು ಲೋಕವೆಲ್ಲ ಸುತ್ತಿ ಕುಕ್ಕರಹಳ್ಳಿಗೂ ಬಂತು. ನಮ್ಮವರು ಮಾಡಿದ್ದರೆ ಹತ್ತು ಸಾವಿರದ ಒಂದು ಅಂತಿರುತ್ತಿತ್ತು. ಮುಯ್ಯಿ ಕೊಡುವ ಕೈಗೆ ಬರೀ ಸೊನ್ನೆಯಲ್ಲಿ ನಿಲ್ಲಿಸಿ ಅಭ್ಯಾಸವಿಲ್ಲ.

ವೈದ್ಯರು ಕೂತು ಲೆಕ್ಕ ನೋಡಿದ್ದು ಎಷ್ಟೋ ಕಾಲದ ಮೇಲೆ. ಹಾರ್ವರ್ಡಿನ ಐ-ಮಿನ್ ಲೀ ಮತ್ತು ಅವರ ಸಂಗಡಿಗರು 2019ರಲ್ಲಿ ಪ್ರಕಟಿಸಿದ್ದು ಅಜ್ಜಿಯಂದಿರ ಲೆಕ್ಕ: 16,741 ಮಂದಿ ಹೆಂಗಸರು, ಸರಾಸರಿ ವಯಸ್ಸು 72. ದಿನಕ್ಕೆ 2,700 ಹೆಜ್ಜೆ ಹಾಕುತ್ತಿದ್ದವರಿಗಿಂತ 4,400 ಹಾಕುತ್ತಿದ್ದವರಲ್ಲಿ ಮುಂದಿನ ನಾಲ್ಕು ಚಿಲ್ಲರೆ ವರ್ಷಗಳಲ್ಲಿ ಸಾವಿನ ಪ್ರಮಾಣ ಶೇಕಡ 41ರಷ್ಟು ಕಡಿಮೆ ಇತ್ತು. ಹೆಜ್ಜೆ ಏರಿದಂತೆ ಲಾಭವೂ ಏರಿ, 7,500ರ ಹತ್ತಿರ ನಿಂತುಹೋಯಿತು. ಅದರಾಚೆ ನಡೆದರೆ ನಷ್ಟವಿಲ್ಲ, ಹೆಚ್ಚಿನ ಬಡ್ಡಿಯೂ ಇಲ್ಲ. ಕಾಯಿಲೆ ಬಿದ್ದವರು ನಡೆಯುವುದೇ ಕಡಿಮೆ, ಹಾಗಾಗಿ ಪೂರ್ತಿ ಪುಣ್ಯ ಹೆಜ್ಜೆಗೇ ಕೊಡಬಾರದು ಅಂತ ಸಂಶೋಧಕರೇ ಎಚ್ಚರಿಸುತ್ತಾರೆ, ಅದೂ ಸರಿ. ನಾನು ಇದನ್ನೆಲ್ಲ ಕಲ್ಲುಬೆಂಚಿನ ಮೇಲೆ ಕೂತು ಒಪ್ಪಿಸಿದಾಗ ರಾಯರ ಮುಖ ಬಾಡಿತು. "ಹಾಗಾದ್ರೆ ಇಷ್ಟು ದಿನ ಹೆಚ್ಚಿಗೆ ಕಟ್ಟಿದ್ದಕ್ಕೆ ರೀಫಂಡ್ ಇಲ್ವಾ?"

ಹೆಜ್ಜೆ ಎಣಿಸುವ ಯಂತ್ರಕ್ಕೆ ಕಾಲು ಕಾಣುವುದಿಲ್ಲ ಅನ್ನುವುದು ನಮ್ಮ ಮನೆಯಲ್ಲಿ ಬಯಲಾದದ್ದು ಜೋಳದ ರೊಟ್ಟಿಯಿಂದ. ನಮ್ಮ ಬೀಗಿತ್ತಿ ಧಾರವಾಡದ ಕಡೆಯವರು. ಮಗ ಕೊಡಿಸಿದ ಗಡಿಯಾರವನ್ನು ಹಸಿರು ಬಳೆಗಳ ಪಕ್ಕದಲ್ಲೇ ಕಟ್ಟಿಕೊಂಡು ಬಂದಿದ್ದರು. ಬೀಗರು ಬೆಳಗ್ಗೆ ನನ್ನ ಜೊತೆ ಕೆರೆ ಸುತ್ತಿ, ಬೆವರು ಒರೆಸಿಕೊಳ್ಳುತ್ತ ಮನೆಗೆ ಬಂದು ತಮ್ಮ ಲೆಕ್ಕ ಘೋಷಿಸಿದರು. ಆಕೆ ಒಲೆಯ ಮುಂದೆ ಕೂತಲ್ಲೇ ಮಣಿಕಟ್ಟು ತಿರುಗಿಸಿ ನೋಡಿಕೊಂಡರೆ ಗಂಡನಿಗಿಂತ ಮುಂದಿದ್ದಾರೆ! "ನಾ ಎಲ್ಲಿ ಅಡ್ಡಾಡೇನ್ರೀ, ಕೂತಲ್ಲೇ ರೊಟ್ಟಿ ಬಡದೀನಿ" ಅಂತ ಅವರಿಗೇ ಆಶ್ಚರ್ಯ. ನಾನು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ನೋಡಿದೆ. ನಾದಿದ ಹಿಟ್ಟಿನ ಉಂಡೆ, ಅಡಿಗೆ ಒಂದು ಚಿಟಿಕೆ ಒಣಹಿಟ್ಟು, ಅಂಗೈ ಬೀಳುವುದು, ಏಳುವುದು, ರೊಟ್ಟಿ ತನ್ನಷ್ಟಕ್ಕೆ ತಾನೇ ಸುತ್ತುತ್ತ ಅಗಲವಾಗುವುದು. ಆ ಥಪಥಪದಲ್ಲಿ ಒಂದು ಏರುಪೇರಿಲ್ಲ. ರೊಟ್ಟಿ ಹಂಚಿಗೆ ಹೋಗಿ, ಮೇಲೆ ಒದ್ದೆ ಬಟ್ಟೆ ಸವರಿದಾಗ ಎಣಿಕೆ ನಿಂತಿತು. ಮುಂದಿನ ಉಂಡೆಗೆ ಮತ್ತೆ ಹೊರಟಿತು.

ಗಡಿಯಾರದೊಳಗಿನ ಚಿಪ್ಪಿಗೆ ಗೊತ್ತಾಗುವುದು ಅಲುಗಾಟ ಮಾತ್ರ. ಮೇಲೆ ಕೆಳಗೆ, ಅತ್ತ ಇತ್ತ, ಹಿಂದೆ ಮುಂದೆ ಅಂತ ಮೂರು ದಿಕ್ಕಿನ ಕುಲುಕು ಅಳೆದು, ಅದು ಒಂದೇ ಲಯದಲ್ಲಿ ಏರಿಳಿಯುತ್ತಿದ್ದರೆ 'ಈ ಮನುಷ್ಯ ನಡೆಯುತ್ತಿದ್ದಾನೆ' ಅಂತ ತೀರ್ಮಾನಿಸುತ್ತದೆ. ಒಂದೆರಡು ಸಲ ಕೈ ಆಡಿಸಿದರೆ ನಂಬದ ಹಾಗೆ ಬಹಳಷ್ಟು ಗಡಿಯಾರಗಳಿಗೆ ಪಾಠ ಹೇಳಿರುತ್ತಾರೆ. ಆದರೆ ಧಾರವಾಡದ ಲಯಕ್ಕೆ ಎಂಥ ಚಿಪ್ಪಾದರೂ ಸೋಲಬೇಕು. ಭಜನಾ ಮಂಡಳಿಯಲ್ಲಿ ತಾಳ ಹಾಕುವವರೂ ಹೀಗೆಯೇ ಕೂತಲ್ಲೇ ಫರ್ಲಾಂಗುಗಟ್ಟಲೆ ಹೋಗಿಬರುತ್ತಾರೆ. ಅದೇ ಮೊಮ್ಮಗನ ತಳ್ಳುಗಾಡಿಯ ಹಿಡಿ ಬಿಗಿಯಾಗಿ ಹಿಡಿದು ಬಡಾವಣೆಯೆಲ್ಲ ಸುತ್ತಿದ ಅಜ್ಜನ ಕೈ ಅಲುಗುವುದಿಲ್ಲವಲ್ಲ, ಆತನ ಖಾತೆಗೆ ಅರ್ಧಕ್ಕರ್ಧ ಜಮೆಯೇ ಆಗುವುದಿಲ್ಲ.

ಇನ್ನು ಫೋನಿನಲ್ಲೇ ಎಣಿಸುವವರ ಪಾಡು. ಗಂಡಸರ ಫೋನು ಪ್ಯಾಂಟಿನ ಜೇಬಿನಲ್ಲಿ. ಸೀರೆಗೆ ಜೇಬೇ ಇಲ್ಲವಾದ್ದರಿಂದ ನಮ್ಮ ಮನೆಯಾಕೆಯ ಫೋನಿಗೆ ಫ್ರಿಡ್ಜಿನ ತಲೆಯೇ ಖಾಯಂ ಜಾಗ. ದಿನವಿಡೀ ಆಕೆ ಓಡಾಡುತ್ತಾಳೆ, ಫೋನು ವಿಶ್ರಾಂತಿ ತೆಗೆದುಕೊಳ್ಳುತ್ತದೆ, ಸಂಜೆ ಅದು ತೋರಿಸುವ ಅಂಕಿ ನೋಡಿದರೆ ಆಕೆ ಹಾಸಿಗೆ ಹಿಡಿದಿರಬೇಕು. ಗೌರಿಹಬ್ಬದ ದಿನ ನನ್ನ ಒತ್ತಾಯಕ್ಕೆ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಾಗಿನ ಕೊಟ್ಟು, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಎಂಟು ಸಾವಿರ ದಾಟಿತ್ತು, ಹೊಸಿಲು ದಾಟಿರಲಿಲ್ಲ. ಅವತ್ತಿನಿಂದ ನನ್ನ ವಾಕಿಂಗಿನ ಬಗ್ಗೆ ಮನೆಯಲ್ಲಿದ್ದ ಗೌರವ ಇಳಿಯಿತು. "ಕಾಫಿ ನೀವೇ ಎದ್ದು ಬಂದು ತಗೊಳ್ಳಿ. ನಿಮಗೂ ಒಂದು ಹದಿನಾರು ಸೇರಿಕೊಳ್ಳುತ್ತೆ."

ನಮ್ಮ ಗುಂಪಿನಲ್ಲಿ ಒಬ್ಬರು ನಿವೃತ್ತ ಕಂಡಕ್ಟರ್ ಇದ್ದಾರೆ. ಗಡಿಯಾರ ಕಟ್ಟುವುದಿಲ್ಲ, ಎಲ್ಲರಿಗಿಂತ ಮುಂದೆ ನಡೆಯುತ್ತಾರೆ, ಹಿಂದಿರುಗಿ ನೋಡಿ "ರೈಟ್, ರೈಟ್, ಮುಂದಕ್ಕೆ ಬನ್ನಿ" ಅನ್ನುತ್ತಾರೆ. ಇವರ ಜಂಬಕ್ಕೆ ಶಾಸ್ತ್ರಾಧಾರವೂ ಇದೆ. ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಹಿಡಿದು ನೋಡಿ 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ದಿನವೆಲ್ಲ ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುವ ಕಂಡಕ್ಟರಿಗಿಂತ ಸ್ಟಿಯರಿಂಗ್ ಹಿಡಿದು ಕೂತ ಡ್ರೈವರಿಗೆ ಹೃದಯಾಘಾತ ಹೆಚ್ಚು. ದೇಹಶ್ರಮಕ್ಕೂ ಹೃದಯಕ್ಕೂ ಇರುವ ನಂಟು ಶಾಸ್ತ್ರಕ್ಕೆ ಗಟ್ಟಿಯಾಗಿ ಸಿಕ್ಕಿದ್ದು ಹೀಗೆ ಬಸ್ಸಿನಲ್ಲಿ. ಕಂಡಕ್ಟರ್ ಸಾಹೇಬರಿಗೆ ನಾನು ಅಲ್ಲಿಗೇ ಹೇಳಿ ನಿಲ್ಲಿಸಿದ್ದೇನೆ. ಮುಂದಿನ ಕತೆ ಹೇಳಿದರೆ ಜಂಬ ಸ್ವಲ್ಪ ಇಳಿದೀತು. ಮಾರಿಸ್ ಆಮೇಲೆ ಅವರ ಸಮವಸ್ತ್ರದ ಅಳತೆಗಳನ್ನು ತರಿಸಿ ನೋಡಿದರು. ಡ್ರೈವರುಗಳ ಪ್ಯಾಂಟಿನ ಸೊಂಟ ದೊಡ್ಡದು, ಸರಿ. ಆದರೆ ಕೆಲಸಕ್ಕೆ ಸೇರಿದ ಹೊಸದರಲ್ಲೇ ದೊಡ್ಡದಿತ್ತು! ಕೂರುವ ಕೆಲಸ ಹೊಟ್ಟೆ ತಂದಿತೋ, ಹೊಟ್ಟೆ ಕೂರುವ ಕೆಲಸ ಹುಡುಕಿತೋ? 1956ರಲ್ಲಿ ಅದನ್ನೂ ಮುಚ್ಚಿಡದೆ ಪ್ರಕಟಿಸಿದ ಆ ಮನುಷ್ಯನ ಮೇಲೆ ನನಗೆ ಭಾರೀ ಗೌರವ.

ಇದೇ ಕೆರೆಯ ದಂಡೆಯಲ್ಲಿ ಕುವೆಂಪು ದಿನಾ ನಡೆದರು. ಎಷ್ಟು ಹೆಜ್ಜೆ ಅಂತ ಯಾರೂ ಬರೆದಿಟ್ಟಿಲ್ಲ, ಸದ್ಯ. ಮಾಸ್ತಿಯವರು ಗವೀಪುರದ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ಕೊಡೆ ಹಿಡಿದು ನಡೆದು ಹೋಗುತ್ತಿದ್ದದ್ದು ಇಸ್ಪೀಟಾಡಲು. ತೊಂಬತ್ತೈದು ವರ್ಷ ಬಾಳಿದರು. ಹಾಗಂತ ಇಸ್ಪೀಟಿಗೆ ಪುಣ್ಯ ಕಟ್ಟಲಾಗುವುದಿಲ್ಲ, ಅಲ್ಲಿಯವರೆಗೆ ನಡೆಯಲು ಒಂದು ನೆಪ ಇತ್ತು ಅಷ್ಟೆ. ನಮಗೆ ಅಂಥ ನೆಪಗಳೆಲ್ಲ ಹೋದವು. ಹಾಲು ಬಾಗಿಲಿಗೆ ಬರುತ್ತದೆ, ತರಕಾರಿ ಫೋನಿನಲ್ಲಿ ಬರುತ್ತದೆ, ಪಿಂಚಣಿ ಬ್ಯಾಂಕಿಗೆ ತಾನೇ ಹೋಗಿ ಕೂರುತ್ತದೆ. ಗಡಿಯಾರದ ಅಂಕಿಯೇ ಉಳಿದಿರುವ ನೆಪ. ನಾನು ಎಷ್ಟೇ ಗೇಲಿ ಮಾಡಿದರೂ ಅದು ಕೆಲಸ ಮಾಡುತ್ತದೆ ಅನ್ನುವುದು ನಿಜ: ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 2007ರಲ್ಲಿ ಬಂದ ಒಂದು ಪರಿಶೀಲನೆ ಹಲವಾರು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿತು. ಹೆಜ್ಜೆ ಎಣಿಸುವ ಯಂತ್ರ ಕಟ್ಟಿಕೊಂಡವರು ದಿನಕ್ಕೆ ಎರಡು ಸಾವಿರಕ್ಕೂ ಮೇಲೆ ಹೆಚ್ಚು ನಡೆದರು; ಅದರಲ್ಲೂ ಇಷ್ಟು ಅಂತ ಗುರಿ ಇಟ್ಟುಕೊಂಡವರು. ಪಕ್ಕದವನಿಗಿಂತ ನೂರು ಹೆಚ್ಚಿರಲಿ ಅನ್ನುವ ಹೊಟ್ಟೆಕಿಚ್ಚು ನಮ್ಮನ್ನು ಕುರ್ಚಿಯಿಂದ ಎಬ್ಬಿಸುವುದಾದರೆ, ಆ ಹೊಟ್ಟೆಕಿಚ್ಚಿಗೆ ನನ್ನ ಪೂರ್ಣ ಬೆಂಬಲವಿದೆ.

ಮಕ್ಕಳಿಗೆ ಈ ಅಂಕಿ ಬೇರೆಯೇ ಸುದ್ದಿ ಹೇಳುತ್ತದೆ. ನಮ್ಮ ಪಕ್ಕದ ಮನೆಯ ಮೇಷ್ಟ್ರ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅಪ್ಪನ ಹೆಜ್ಜೆ ಅವಳ ಫೋನಿನಲ್ಲೂ ಕಾಣುತ್ತದೆ. ಒಂದು ದಿನ ಇಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಅಲ್ಲಿ ಬೆಳಗಿನ ಜಾವ ಮೂರು. ಮಗುವಿಗೆ ಹಾಲು ಕೊಡಲು ಎದ್ದವಳು ಕಣ್ಣಾಡಿಸಿದರೆ ಅಪ್ಪನ ಲೆಕ್ಕ ಸೊನ್ನೆ. ಅಪ್ಪನಿಗೆ ಫೋನು ಮಾಡಿದಳು, ಎತ್ತಲಿಲ್ಲ, ಅಮ್ಮನದೂ ಅಷ್ಟೆ. ನನಗೆ ಮಾಡಿದಳು, ದನಿ ನಡುಗುತ್ತಿತ್ತು. ನಾನು ನಮ್ಮಲ್ಲಿದ್ದ ಬೀಗದ ಕೈ ಹಿಡಿದು ಓಡಿದೆ. ಮನೆ ನಿಶ್ಶಬ್ದ. ದೇವರ ಗೂಡಿನ ಪಕ್ಕದ ಪ್ಲಗ್ಗಿಗೆ ಗಡಿಯಾರ ಚಾರ್ಜಿಗೆ ಹಾಕಿತ್ತು. ಮೇಷ್ಟ್ರು ದಂಪತಿ ನಂಜನಗೂಡಿನ ಗೃಹಪ್ರವೇಶದಲ್ಲಿ ಓಲಗದ ಸದ್ದಿನ ನಡುವೆ ಎರಡನೆಯ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದರು ಅಂತ ಸಂಜೆ ಗೊತ್ತಾಯಿತು. ಈಗ ಅವರು ಜ್ವರ ಬಂದು ಮಲಗಿದರೂ ಗಡಿಯಾರ ಕಟ್ಟಿದ ಕೈಯನ್ನು ನಾಲ್ಕು ಸಲ ಬೀಸಿಯೇ ಮಲಗುತ್ತಾರೆ.

ಎಣಿಸದೆ ಬಿಟ್ಟುಹೋಗುವುದೂ ಬಹಳ ಇದೆ. ನಿಮಿಷಕ್ಕೆ ನೂರು ಹೆಜ್ಜೆ ಬಿದ್ದರೆ ಅದು ಚುರುಕು ನಡಿಗೆ ಅನ್ನುವುದು ಒಂದು ಒರಟು ಲೆಕ್ಕ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಮ್ಮ ಗುಂಪಿನ ತೊಂದರೆಯೇ ಬೇರೆ, ರಾಜಕೀಯದ ಮಾತು ಬಿಸಿಯಾದ ಕೂಡಲೇ ಎಲ್ಲರೂ ನಿಂತುಬಿಡುತ್ತಾರೆ. ಅರವತ್ತೈದು ದಾಟಿದವರು ನಡಿಗೆಯ ಜೊತೆಗೆ ವಾರಕ್ಕೆ ಮೂರು ದಿನವಾದರೂ ಸಮತೋಲ ಮತ್ತು ಬಲದ ಕಸರತ್ತು ಮಾಡಬೇಕು, ಬೀಳದಿರಲು ಅದೇ ಮದ್ದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗೋಡೆ ಹಿಡಿಯದೆ ನಿಂತು ಪ್ಯಾಂಟು ಹಾಕಿಕೊಳ್ಳುವವರು ಕೈ ಎತ್ತಿ ಅಂದೆ, ಬೆಂಚಿನಲ್ಲಿ ಒಂದು ಕೈಯೂ ಏಳಲಿಲ್ಲ; ಒಬ್ಬರು ಪಂಚೆ ಉಡುವವರು, ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನೆಲದ ಮೇಲೆ ಎಲೆ ಹಾಕಿ ಕೂತು, ಕೈ ಊರದೆ ಎದ್ದು ಹೋಗುತ್ತಿದ್ದ ಮದುವೆ ಊಟಗಳು ಈಗ ಮೇಜಿಗೆ ಏರಿವೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಂತೂ ಇದೆ, ಹತ್ತುವುದು ತೊಡೆಗೆ ಒಳ್ಳೆಯದೇ. ಇಳಿಯುವಾಗ ಮಂಡಿ ಹೇಳುವ ಮಾತು ಬೇರೆ; ನಾವು ಇಳಿಯುವುದು ಸಿಟಿ ಬಸ್ಸಿನಲ್ಲಿ, ಕಂಡಕ್ಟರ್ ಸಾಹೇಬರ ಶಿಫಾರಸಿನಂತೆ.

2025ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಇನ್ನೊಂದು ದೊಡ್ಡ ಪರಿಶೀಲನೆ ಬಂತು. ಲೋಕದ ಬೇರೆ ಬೇರೆ ಕಡೆಯ ಅಧ್ಯಯನಗಳನ್ನು ಸೋಸಿ, ದಿನಕ್ಕೆ ಏಳು ಸಾವಿರ ಸಾಕಷ್ಟಾಯಿತು ಅನ್ನುವ ಮಾತು ಅದರಲ್ಲಿತ್ತು. ಪೇಪರಿನಲ್ಲಿ ಬಂದದ್ದನ್ನು ನಾನು ಬೆಂಚಿನ ಮುಂದೆ ನಿಂತು ಗಟ್ಟಿಯಾಗಿ ಓದಿದೆ. ಮೇಷ್ಟ್ರು ನಿಟ್ಟುಸಿರು ಬಿಟ್ಟು ಶೂ ಲೇಸು ಸಡಿಲಿಸಿದರು. ಮೈಲಾರಿಯಲ್ಲಿ ದೋಸೆ ತಿಂದುಕೊಂಡೇ ಮನೆಗೆ ಹೋಗೋಣ ಅಂತ ಒಬ್ಬರು ಎದ್ದೂ ಎದ್ದರು. ರಾಯರು ಮಾತ್ರ ಪೇಪರು ಕಸಿದುಕೊಂಡು, ಕನ್ನಡಕ ಏರಿಸಿ, ಮೇಲಿಂದ ಕೆಳಗೆ ಎರಡು ಸಲ ಓದಿ ಮಡಿಚಿ ಕೊಟ್ಟರು.

"ಇದು ಬರೀ ಸುದ್ದಿ. ಮೂರು ಸಾವಿರ ಕಡಿತ ಮಾಡೋದು ಅಂದ್ರೆ ಆದೇಶ ಬರಬೇಕು, ಯಾವ ತಾರೀಖಿನಿಂದ ಜಾರಿ ಅಂತ ಇರಬೇಕು, ಸಹಿ ಇರಬೇಕು."

"ಅಲ್ಲೀವರೆಗೆ?" ಅಂದರು ಮೇಷ್ಟ್ರು.

"ಅಲ್ಲೀವರೆಗೆ ಹಳೇ ದರವೇ" ಅಂತ ಹೇಳಿ ರಾಯರು ಇನ್ನೊಂದು ಸುತ್ತಿಗೆ ಹೊರಟರು.