ಬೇಜಾರು ರಾಯರು

ಬೇಜಾರು ರಾಯರು ಮೈಸೂರಿನ ಯಾವ ಬಡಾವಣೆಗೆ ಹೋದರೂ ಸಿಗುತ್ತಾರೆ, ಪಾರ್ಕಿಗೊಬ್ಬರಂತೆ. ನಮ್ಮ ಪಾಲಿಗೆ ಬಂದವರಿಗೆ ಪಿಂಚಣಿ ತಪ್ಪದೆ ಬೀಳುತ್ತದೆ. ಹೂಸ್ಟನ್ನಿನ ಮಗ ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡುತ್ತಾನೆ. ಮನೆ ಸ್ವಂತದ್ದು, ಅದೂ ಮೂಲೆ ಸೈಟು. ಇಷ್ಟೆಲ್ಲ ಅಡ್ಡಿಗಳಿದ್ದೂ ರಾಯರು ಮುಖ ಜೋಲು ಹಾಕಿಕೊಂಡೇ ಇರುತ್ತಾರೆಂದರೆ ಅದು ಸಾಧನೆಯೇ ಸೈ.

ಪೇಪರ್ ಬಂದೊಡನೆ ಅವರು ಹುಡುಕುವುದು ಜಲಾಶಯದ ಮಟ್ಟ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ ಎನ್ನುವುದು ಅವರಿಗೆ ಮೊಮ್ಮಗಳ ಹುಟ್ಟುಹಬ್ಬಕ್ಕಿಂತ ಚೆನ್ನಾಗಿ ನೆನಪಿದೆ. 2023ರ ಸೆಪ್ಟೆಂಬರಿನಲ್ಲಿ ನೀರು 100 ಅಡಿಗಿಂತ ಕೆಳಗಿಳಿದು, ಬಂದ್ ಮೇಲೆ ಬಂದ್ ಆದಾಗ ಕಳೆಕಳೆಯಾಗಿದ್ದರು. "ನಾನು ಹೇಳಿರ್ಲಿಲ್ವೇ?" ಎಂದು ಇಸ್ತ್ರಿ ಶರ್ಟು ತೊಟ್ಟು ಮನೆಮನೆಗೆ ಹೋಗಿ ಬಂದರು. 2025ರಲ್ಲಿ ಜೂನ್ ತಿಂಗಳಲ್ಲೇ ಕಟ್ಟೆ ತುಂಬಿ ಮುಖ್ಯಮಂತ್ರಿಗಳು ಬಾಗಿನ ಅರ್ಪಿಸಿದಾಗ ಮಾತ್ರ, ಪಾಪ, ವಾಕಿಂಗಿಗೇ ಬರಲಿಲ್ಲ. ಕೊನೆಗೆ ಬಂದವರು ಕಾರಣ ಹುಡುಕಿಕೊಂಡೇ ಬಂದಿದ್ದರು: "ಆಷಾಢದಲ್ಲೇ ತುಂಬಿಬಿಡ್ತಲ್ರೀ, ಇನ್ನು ಶ್ರಾವಣದ ಮಳೆ ಎಲ್ಲಿಗೆ ಹೋಗ್ಬೇಕು?"

ಮದುವೆಮನೆಯಲ್ಲಿ ಒಬ್ಬಟ್ಟಿನ ಮೇಲೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿಸಿಕೊಳ್ಳುತ್ತಾ, "ಹುಡುಗ ಒಳ್ಳೆಯವನ ಹಾಗೆ ಕಾಣ್ತಾನೆ. ಅದೇ ಭಯ" ಎನ್ನುತ್ತಾರೆ.

ಅವರ ಮನೆಯಾಕೆಗೆ ಇದೆಲ್ಲ ಬಾಯಿಪಾಠ. ರಾಯರು "ಯಾಕೋ ಒಂಥರಾ" ಅಂದರೆ ಎರಡನೇ ಕಾಫಿ. "ಮನಸ್ಸೇ ಸರಿಯಿಲ್ಲ ಕಣೇ" ಅಂದರೆ ಮೆಣಸಿನಕಾಯಿ ಬಜ್ಜಿ. "ಈ ಜೀವನಾನೇ ಸಾಕಾಯ್ತು" ಎಂದು ಗೋಡೆ ಕಡೆ ತಿರುಗಿದರೆ ನಜರ್‌ಬಾದಿಗೆ ಹೋಗಿ ಮೈಲಾರಿ ದೋಸೆ ತಿಂದು ಬರಬೇಕು. ಈಚೆಗೆ ಮೊಮ್ಮಗಳಿಂದ ಡಿಪ್ರೆಷನ್ ಎಂಬ ಹೊಸ ಮಾತು ಕಲಿತು ಪ್ರಯೋಗಿಸಿ ನೋಡಿದರು. ಮನೆಯಾಕೆ ಸೊಪ್ಪು ಹಾಕಲಿಲ್ಲ. "ಅದು ಕಾಯಿಲೆ ರೀ, ಅದರ ಹೆಸರಲ್ಲಿ ಆಟ ಆಡ್ಬೇಡಿ. ತಟ್ಟೆ ಕೊಡಿ ಈ ಕಡೆ, ನಾಲ್ಕು ಬಜ್ಜಿ ಆಯ್ತು."

ಕಳೆದ ವಾರ ರಾಯರ ರಕ್ತಪರೀಕ್ಷೆಯ ರಿಪೋರ್ಟು ಬಂತು. ಕಲ್ಲುಬೆಂಚಿನ ಮೇಲೆ ಕೂತು, ಪಂಚೆಯ ತುದಿಯಿಂದ ಕನ್ನಡಕ ಒರೆಸಿ, ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದರು. ಫಾಸ್ಟಿಂಗ್ ಶುಗರ್ 92. ಕೊಲೆಸ್ಟ್ರಾಲ್ ಸರಿ. ಥೈರಾಯ್ಡೂ ಸರಿ. ಬೆರಳು ಕೆಳಗಿಳಿದಂತೆ ಮುಖವೂ ಇಳಿಯಿತು. ಕೊನೆಯ ಹಾಳೆಯನ್ನು ಮಗುಚಿ ಹಿಂಬದಿಯನ್ನೂ ನೋಡಿದರು. ಖಾಲಿ.

"ಈಗಿನ ಕಾಲದಲ್ಲಿ ಲ್ಯಾಬಿನವರನ್ನೂ ನಂಬೋ ಹಾಗಿಲ್ಲ ಸ್ವಾಮಿ," ಎಂದರು ನಿಟ್ಟುಸಿರು ಬಿಟ್ಟು. "ಇನ್ನೊಂದು ಕಡೆ ಕೊಟ್ಟು ನೋಡ್ಲಾ?"