ಸಬೂರ್ ಕಾಕಾ

ಊರಿಗೊಬ್ಬ ಸಬೂರ್ ಕಾಕಾ ಇರಬೇಕೆಂದು ಸರ್ಕಾರವೇನೂ ಆದೇಶ ಹೊರಡಿಸಿಲ್ಲ. ಆದರೂ ಸಿಂಧನೂರಿನಲ್ಲೊಬ್ಬ, ಮಸ್ಕಿಯಲ್ಲೊಬ್ಬ, ಲಿಂಗಸುಗೂರಿನಲ್ಲೊಬ್ಬ ಇದ್ದೇ ಇದ್ದಾನೆ. ತೊಟ್ಟಿಲಲ್ಲಿ ಕೂಗಿದ ಹೆಸರು ಯಾವುದಾದರೂ ಇರಲಿ, ಹೋಟೆಲಿನಲ್ಲಿ ಕೂಗುವ ಹೆಸರು ಇದೇ. ಅರವತ್ತು ದಾಟಿದ ವಯಸ್ಸು, ಗಂಜಿ ಹಾಕಿದ ಬಿಳಿ ಅಂಗಿ, ಹಣೆಗೆ ವಿಭೂತಿ, ಹೆಗಲಿಗೆ ಟವೆಲು, ಜೇಬಿನಲ್ಲಿ ಎರಡು ಮೊಬೈಲು. ಬೆಳಗಿನ ಏಳಕ್ಕೆ ಹೋಟೆಲಿನ ಹೊರಗಿನ ಬೆಂಚಿನ ತುದಿ ಅವನದು. ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ, ದೂರದಲ್ಲಿ ಕಾಕಾನ ಚಪ್ಪಲಿಯ ಸದ್ದು ಕೇಳಿದೊಡನೆ ತಾವಾಗಿಯೇ ಸರಿದುಕೊಳ್ಳುತ್ತಾರೆ.

ಅವನ ಮುಂದೆ ಯಾರು ಏನು ತೋಡಿಕೊಂಡರೂ ಔಷಧ ಒಂದೇ: ಸಬೂರ್, ಅಂದರೆ ತಾಳ್ಮೆ. ಮಳೆ ಮುಖ ತಿರುವಿದೆಯೇ? "ಸಬೂರ್ ಮಾಡ್ರಿ, ಮ್ಯಾಲಿನಾಂವ ನೋಡಾಕತ್ಯಾನ." ಮಗಳಿಗೆ ವರ ಕೂಡಿಬರುತ್ತಿಲ್ಲವೇ? "ಸಬೂರ್ ಮಾಡ್ರಿ, ಆತ ಗಂಟು ಹಾಕಿಟ್ಟಾನ, ನಿಮಗ ಕಂಡಿಲ್ಲ ಅಷ್ಟೇ." ಪಹಣಿಯಲ್ಲಿ ಹೆಸರು ತಪ್ಪಾಗಿ ತಿಂಗಳುಗಟ್ಟಲೆ ಕಚೇರಿಗೆ ಅಲೆಯುತ್ತಿದ್ದೀರಾ? "ಸಬೂರ್ ಮಾಡ್ರಿ. ಆತನ ಪಹಣಿಯೊಳಗ ನಿಮ್ಮ ಹೆಸರು ಸರಿ ಐತಿ." ಕೇಳಿದವನ ಕಣ್ಣಲ್ಲಿ ನೀರಾಡುತ್ತದೆ. ಆತ ಕೈಮುಗಿದು ಏಳುವಷ್ಟರಲ್ಲಿ ಕಾಕಾ ಒಳಗೆ ತಿರುಗಿ ಗುಡುಗುತ್ತಾನೆ: "ಲೇ ತಮ್ಮಾ, ಒಗ್ಗರಣಿ ಹೇಳಿ ಎಷ್ಟೊತ್ತಾತು? ಮಿರ್ಚಿ ಕರಿಯೋ ಎಣ್ಣಿ ಇನ್ನ ಗಾಣದಾಗ ಐತೇನು?"

ಕಾಕಾನನ್ನು ಪೂರ್ತಿಯಾಗಿ ನೋಡಬೇಕಾದರೆ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ನೋಡಬೇಕು. ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸಿಗಾಗಿ ಜನ ಬಿಸಿಲಲ್ಲಿ ನಿಂತಿರುತ್ತಾರೆ. ಕಾಕಾ ಕಂಬದ ನೆರಳಿನಲ್ಲಿ ನಿಂತು ಪಕ್ಕದವನಿಗೆ, ಬರುವುದು ಬಂದೇ ಬರುತ್ತದೆ, ನಾವು ಒದ್ದಾಡಿದರೆ ಬೇಗ ಬರುವುದಿಲ್ಲ ಎಂದು ಬುದ್ಧಿ ಹೇಳುತ್ತಿರುತ್ತಾನೆ. ಬಸ್ಸಿನ ಮೂತಿ ಗೇಟಿನಲ್ಲಿ ಕಂಡಿತೋ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಮಂಡಿನೋವು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಬಸ್ಸು ಇನ್ನೂ ಹಿಂದಕ್ಕೆ ತಿರುಗುತ್ತಿರುವಾಗಲೇ ಅದರ ಜೊತೆಜೊತೆಗೆ ಓಡಿ, ಮೂರನೇ ಕಿಟಕಿಯ ಸರಳಿನ ಸಂದಿಯಿಂದ ಟವೆಲನ್ನು ಒಳಗೆ ಎಸೆದಿರುತ್ತಾನೆ. ಗುರಿ ತಪ್ಪಿದ್ದನ್ನು ಕಂಡವರಿಲ್ಲ.

2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಈ ಟವೆಲಿನ ಕಾನೂನು ಸ್ವಲ್ಪ ಸಡಿಲಾಗಿದೆ. ಕಾಲೇಜು ಹುಡುಗಿಯೊಬ್ಬಳು ಟವೆಲನ್ನು ಮಡಿಚಿ ಪಕ್ಕಕ್ಕಿಟ್ಟು ಕೂತೇಬಿಟ್ಟಿದ್ದಳು. ಕಾಕಾ ಟವೆಲಿನ ಹಕ್ಕಿನ ಬಗ್ಗೆ ಬಾಗಿಲಿಂದಲೇ ಭಾಷಣ ಶುರುಮಾಡಿದ. ಕಂಡಕ್ಟರು ನಡುವೆ ಬಂದು ಇಬ್ಬರನ್ನೂ ಒತ್ತಿ ಕೂರಿಸಿದ. ಕೂತು ಬೆವರು ಒರೆಸಿಕೊಂಡ ಮೇಲೆ ಕಾಕಾನ ಸ್ವರ ಇಳಿಯಿತು. "ಸೀಟಿಗೆ ಯಾಕ ಬಡಿದಾಡ್ತಿ ಯವ್ವಾ? ಇಂದಿಲ್ಲ ನಾಳಿ ಎಲ್ಲಾರೂ ಇಳಿಯಾವ್ರೇ." ಹುಡುಗಿ ಅಷ್ಟೇ ಮೆಲ್ಲಗೆ, "ಹೌದ್ರಿ ಕಾಕಾ, ನಾ ಮಸ್ಕಿಗೇ ಇಳಿತೀನಿ, ಅಲ್ಲೀತನಕ ಸಬೂರ್ ಮಾಡ್ರಿ" ಅಂದಳು. ಹಿಂದಿನ ನಾಲ್ಕು ಸಾಲು ನಕ್ಕಿತು.

ಮಸ್ಕಿಯ ಕಾಕಾನ ಬಳಿ ಸಬೂರಿಗೆ ಕಲ್ಲಿನಲ್ಲಿ ಕೆತ್ತಿದ ಪುರಾವೆಯೇ ಇದೆ. ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಷ್ಟು ಹಿಂದೆಯೇ ಓದಿದ್ದ. ಓದಿದರೆ ಏನು, ಆಗ ಸಿಕ್ಕಿದ್ದ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ ಎಂಬಂಥ ಬಿರುದುಗಳೇ ಹೊರತು ರಾಜನ ಸ್ವಂತ ಹೆಸರಿರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ದುರ್ಗದ ಗುಡ್ಡದಲ್ಲಿ ಒಂದು ಬಂಡೆಯನ್ನು ಕಂಡ. ಅದರ ಮೇಲೆ ಅಶೋಕ ಎಂಬ ಹೆಸರು ಸ್ಪಷ್ಟವಾಗಿ ಇತ್ತು. ಇಷ್ಟನ್ನೂ ಕಾಕಾ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾನೆ: "ಬಂಗಾರದ ಮಂದಿಗೆ ಅಶೋಕ ಸಿಕ್ಕ. ಚಕ್ರವರ್ತಿನೇ ಹೆಸರು ಓದಿಸ್ಕೊಳ್ಳಾಕ ಎರಡು ಸಾವಿರ ವರ್ಷದ ಮ್ಯಾಲ ಸಬೂರ್ ಮಾಡ್ಯಾನ. ನೀ ರೇಷನ್ ಕಾರ್ಡಿನ್ಯಾಗ ಹೆಸರು ಸೇರಿಸಾಕ ಎರಡು ತಿಂಗಳು ತಡಿಯವಲ್ಲಿ." ಇದೇ ಕಾಕಾ, 2019ರಲ್ಲಿ ಮಸ್ಕಿಯ ಶಾಸಕ ಸ್ಥಾನ ತೆರವಾಗಿ, ವಿಷಯ ಕೋರ್ಟಿನಲ್ಲಿ ಸಿಕ್ಕಿಕೊಂಡು, ಉಪಚುನಾವಣೆ 2021ರ ಏಪ್ರಿಲ್ 17ಕ್ಕೆ ನಡೆಯುವ ತನಕ ಒಂದು ದಿನವೂ ಗೊಣಗಲಿಲ್ಲ. ಶಾಸಕರಿಲ್ಲದೆ ಹೆಂಗ ನಡೀತೈತಿ ಅಂದವರಿಗೆ, "ಇದ್ದಾಗ ಹೆಂಗ ನಡೀತಿತ್ತೋ ಹಂಗ" ಅನ್ನುತ್ತಿದ್ದ. ಪ್ರಚಾರದ ದಿನಗಳಲ್ಲಿ ಮಾತ್ರ ಅವನ ಬೆಂಚಿಗೆ ಮಂತ್ರಿಗಳೂ ಬಂದು ಹೋದರಂತೆ. ಅವನೇ ಹೇಳಿದ್ದು, ಸಾಕ್ಷಿ ಇಲ್ಲ.

ಸಬೂರಿಗೂ ತಾರೀಕಿಗೂ ಮಾತ್ರ ಆಗಿಬರುವುದಿಲ್ಲ. ಇದನ್ನು ನಾನು ರೈಲಿನ ವಿಷಯದಲ್ಲಿ ಕಂಡುಕೊಂಡೆ. ಮುನಿರಾಬಾದ್–ಮಹಬೂಬನಗರ ಮಾರ್ಗ ಮಂಜೂರಾಗಿದ್ದು 1997–98ರಲ್ಲಿ. ಅಂದಿನಿಂದ ಸಿಂಧನೂರಿನ ಕಾಕಾ ಋಷಿಯಂತೆ ಕಾದ. ಹಳಿ ಗಂಗಾವತಿಗೆ ಬಂತು, ಕಾರಟಗಿಗೆ ಬಂತು. ಪ್ರತಿ ಸಲವೂ ಆತ, "ಬರ್ತೈತಿ, ಅದಕ್ಕೂ ಕಾಲು ನೋಯ್ತಾವ" ಅಂತ ನಕ್ಕ. 2024ರ ಮಾರ್ಚ್‌ನಲ್ಲಿ ಸಿಂಧನೂರಿಗೆ ರೈಲು ಬರುವ ದಿನ ಗೊತ್ತಾಯಿತು ನೋಡಿ, ಇಪ್ಪತ್ತಾರು ವರ್ಷದ ತಾಳ್ಮೆ ಒಂದೇ ವಾರದಲ್ಲಿ ಚಿಂದಿಯಾಯಿತು. ಹಗಲು ಸ್ಟೇಷನ್ನಿಗೆ ಎರಡು ಸಲ ಹೋಗಿ ಹಳಿ ಇದೆಯೇ ಎಂದು ನೋಡಿ ಬರತೊಡಗಿದ. ರಾತ್ರಿ ಎದ್ದು ಕೂತು ಹೆಂಡತಿಯನ್ನು ಎಬ್ಬಿಸಿ, ದಿನ ಮುಂದೆ ಹಾಕಿದರೆ ಏನು ಗತಿ ಎಂದು ಕೇಳಿದ. ಮೊದಲ ದಿನ ಎಲ್ಲರೂ ವೇದಿಕೆಯ ಭಾಷಣ ಕೇಳುತ್ತಿದ್ದರೆ ಇವನು ಆಗಲೇ ಬೋಗಿಯೊಳಗಿದ್ದ. ಕಿಟಕಿಯ ಸೀಟಿನ ಮೇಲೆ ಟವೆಲು ಹಾಸಿತ್ತು.

ಅಂದರೆ ಕಾಕಾ ದೇವರಿಗೆ ಒಪ್ಪಿಸುವುದು, ಯಾವ ಕಚೇರಿಯೂ ತಾರೀಕು ಕೊಡಲಾರದ ಕೆಲಸಗಳನ್ನು ಮಾತ್ರ. ತಾರೀಕು ಬಿದ್ದದ್ದನ್ನು ದೇವರ ಕೈಯಿಂದ ವಾಪಸ್ ತೆಗೆದುಕೊಂಡು ತಾನೇ ಹೊರುತ್ತಾನೆ. ಭಕ್ತಿಯಲ್ಲಿ ಇಂಥ ಹಂಚಿಕೆ ಸರಿಯೋ ತಪ್ಪೋ ಸ್ವಾಮಿಗಳೇ ಹೇಳಬೇಕು. ಹಳ್ಳಿಯ ಬದುಕಿಗೆ ಇದು ಒಗ್ಗಿದೆ ಎಂಬುದಂತೂ ನಿಜ.

ಇನ್ನು ಕಾಲುವೆಗೆ ಬರೋಣ. ಕಾಕಾನ ಆಸ್ತಿ, ಅಧ್ಯಾತ್ಮ, ರಕ್ತದೊತ್ತಡ ಎಲ್ಲವೂ ಇರುವುದು ಅಲ್ಲಿಯೇ. ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ ಮುನಿರಾಬಾದಿನಲ್ಲಿ ಹೊರಟು, ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆಗೆ ಸುಮಾರು 227 ಕಿಲೋಮೀಟರ್ ಹರಿಯಬೇಕು. ಹರಿಯಬೇಕು ಎಂದು ಬರೆದದ್ದನ್ನು ಕಾಲುವೆ ಓದಿಲ್ಲ. ಯೋಜನೆ ಮಾಡಿದವರು ಈ ನೀರಿಗೆ ಜೋಳ, ಶೇಂಗಾ, ಹತ್ತಿಯೇ ಹೆಚ್ಚೆಂದು ಲೆಕ್ಕ ಹಾಕಿದ್ದರು. ನೀರು ಕಂಡ ರೈತರು ನೆಲ್ಲು ಹಚ್ಚಿದರು. ಅತ್ತ ಜಲಾಶಯದಲ್ಲಿ ಹೂಳು ತುಂಬಿ, 133 ಟಿಎಂಸಿ ಹಿಡಿಯುತ್ತಿದ್ದದ್ದು 105ರ ಆಸುಪಾಸಿಗೆ ಇಳಿದಿದೆ. ಹೀಗಾಗಿ ಪ್ರತಿ ಹಂಗಾಮಿನಲ್ಲೂ ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆ ಯಾವಾಗ, ನೀರು ಎಂದಿಗೆ, ಕಾಲುವೆಯ 69ನೇ ಮೈಲಿನಲ್ಲಿ ನೀರಿನ ಗೇಜು ಎಷ್ಟು, 104ನೇ ಮೈಲಿನಲ್ಲಿ ಎಷ್ಟು ಎಂಬುದೇ ನಮ್ಮ ಕಡೆಯ ಪಂಚಾಂಗ.

ಸಿಂಧನೂರಿನ ಕಾಕಾನ ಹೊಲ ಇರುವುದು ನಡುವೆ. ಮೇಲೆ ಗಂಗಾವತಿ, ಕೆಳಗೆ ಮಾನ್ವಿ. ಗಂಗಾವತಿಯವರ ಬಗ್ಗೆ ಮಾತು ಬಂದರೆ ಅವನ ವಿಭೂತಿಯೇ ಕೆಂಪಾಗುತ್ತದೆ. "ಪೈಪ್ ಇಟ್ಟು ಎಳೀತಾರ್ರಿ, ರಾತ್ರೋರಾತ್ರಿ ಕಾಲುವಿನೇ ಕುಡಿದುಬಿಡ್ತಾರ. ದೇವರು ಅನ್ನೋದು ಗೊತ್ತಿಲ್ಲ ಅವರಿಗೆ." ಅದೇ ಹೊತ್ತಿಗೆ ಮಾನ್ವಿ ಕಡೆಯ ಬೀಗರು ಫೋನ್ ಮಾಡಿ, ಕೊನೆಭಾಗಕ್ಕೆ ಹನಿ ನೀರಿಲ್ಲ, ಮಡಿಯಲ್ಲಿ ಸಸಿ ಒಣಗುತ್ತಿವೆ ಅನ್ನುತ್ತಾರೆ. ಕಾಕಾನ ದನಿ ಬೆಣ್ಣೆಯಾಗುತ್ತದೆ. "ಸಬೂರ್ ಮಾಡ್ರಿ ಬೀಗರ. ಆತ ಯಾರನ್ನೂ ಕೈ ಬಿಡಂಗಿಲ್ಲ." ಫೋನಿನ ಹಿಂದೆ ಡಬಡಬ ಸದ್ದು ಬೀಗರಿಗೂ ಕೇಳಿಸುತ್ತದೆ. ಕಾಕಾನದೇ ಎಂಜಿನ್ನು, ಕಾಲುವೆಯ ದಂಡೆಯ ಮೇಲೆ. ಅದರ ಪೈಪಿನ ಬಾಯಿ ಎಲ್ಲಿದೆ ಎಂದು ನಾನು ಬರೆಯುವುದಿಲ್ಲ.

ತಾಳ್ಮೆಯ ಉಪದೇಶವೂ ನೀರಿನ ದಾರಿಯಲ್ಲೇ ಹರಿಯುತ್ತದೆ ಎಂದು ನನಗೆ ಅನ್ನಿಸಿದ್ದು ಆಗ. ಮೇಲಿನವನು ಕೆಳಗಿನವನಿಗೆ ಹೇಳುತ್ತಾನೆ, ಅವನು ಇನ್ನೂ ಕೆಳಗಿನವನಿಗೆ ಹೇಳುತ್ತಾನೆ. ಕಾಲುವೆಯ ತುದಿಯಲ್ಲಿರುವವನಿಗೆ ಹೇಳಲು ಯಾರೂ ಉಳಿದಿರುವುದಿಲ್ಲ. ಹಾಗಾಗಿ ಅವನು ರಸ್ತೆಗೆ ಬರುತ್ತಾನೆ. ಕಾಲುವೆಯೇ ಇಲ್ಲದವರ ಕತೆ ಇನ್ನೊಂದು. 2020ರಲ್ಲಿ ಪಾಮನಕಲ್ಲೂರಿನಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು ಧರಣಿ ಕೂತಾಗ ಮಸ್ಕಿಯ ಕಾಕಾ ಅಲ್ಲಿಗೂ ಹೋಗಿ ಸಬೂರಿನ ಪಾಠ ಶುರುಮಾಡಿದನಂತೆ. ಮುಂದೆ ಕೂತಿದ್ದ ಮುದುಕನೊಬ್ಬ ನಡುವೆಯೇ ತಡೆದ. "ಸಬೂರ್ ಮಾಡಿಯೇ ಕುಂತೀವೋ ಯಪ್ಪಾ. ಟೆಂಟ್ ಹಾಕಿ ಮಾಡಾಕತ್ತೀವಿ, ಅಷ್ಟೇ ಫರಕು. ಚಾ ಕುಡದು ಹೋಗು."

ಹಾಗೆಂದು ಕಾಕಾನನ್ನು ಬರೀ ಬೂಟಾಟಿಕೆಯವನು ಎಂದು ಬಗೆಹರಿಸಿಬಿಡಲು ಮನಸ್ಸಾಗುವುದಿಲ್ಲ. 2023 ಬರದ ವರ್ಷ. ಎರಡನೇ ಬೆಳೆಗೆ ನೀರು ಬರಲಿಲ್ಲ. ಪಕ್ಕದ ಹೊಲದವನು ಸಾಲದ ನೋಟಿಸು ಹಿಡಿದು ಕಟ್ಟೆಯ ಮೇಲೆ ಕೂತಿದ್ದ. ಕಾಕಾ ಹೋಗಿ ಪಕ್ಕದಲ್ಲಿ ಕೂತ. ದೇವರ ಹೆಸರೆತ್ತಲಿಲ್ಲ, ಸಬೂರ್ ಅನ್ನಲಿಲ್ಲ. ಸಂಜೆಗೆ ಅವನ ದನಗಳ ಮುಂದೆ ಕಾಕಾನ ಬಣವೆಯ ಮೇವು ಬಿದ್ದಿತ್ತು. ಮರುದಿನ ಹೋಟೆಲಿನಲ್ಲಿ ಯಾರೋ ಆ ಮಾತು ತೆಗೆದರೆ, ಚಾದ ಕಪ್ಪು ತೊಳೆದಿಲ್ಲ ಎಂದು ಹುಡುಗನ ಮೇಲೆ ಹರಿಹಾಯ್ದು ಮಾತು ಹಾರಿಸಿದ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ತುಂಬಿದ ಹೊಳೆ ತುಂಬಿದಂತೆಯೇ ಹೊರಟಿತು. ಬೆಳಗ್ಗೆ ಹೋಟೆಲಿನಲ್ಲಿ ಯಾರೂ ಒಗ್ಗರಣೆ ಕೇಳಲಿಲ್ಲ, ಎಲ್ಲರೂ ಮೊಬೈಲಿನಲ್ಲಿ ನೀರು ಹೋಗುವುದನ್ನು ನೋಡುತ್ತ ಕೂತರು. ಕಾಕಾ ಒಬ್ಬನೇ, "ಹೋದದ್ದು ಬರ್ತೈತಿ, ಇನ್ನ ಮಳಿ ಮುಗಿದಿಲ್ಲ" ಅಂದ. ಅಭ್ಯಾಸಬಲದಿಂದ ಅಂದದ್ದು, ಅಷ್ಟೇ. ವಾರದೊಳಗೆ ತಾತ್ಕಾಲಿಕ ಗೇಟು ಕೂತಿತು. ಮಲೆನಾಡಿನಲ್ಲಿ ಮತ್ತೆ ಮಳೆ ಹಿಡಿದು ಸೆಪ್ಟೆಂಬರ್ ಹೊತ್ತಿಗೆ ಜಲಾಶಯ ತಿರುಗಿ ತುಂಬಿತು. ಅಲ್ಲಿಂದ ಮುಂದೆ ಕಾಕಾನ ಜೊತೆ ಮಾತಾಡುವುದೇ ಕಷ್ಟವಾಯಿತು. ಊರಲ್ಲಿ ಏನೇ ಕೆಟ್ಟರೂ, ಟ್ರಾನ್ಸ್‌ಫಾರ್ಮರ್ ಸುಟ್ಟರೂ, "ಹತ್ತೊಂಬತ್ತನೇ ಗೇಟಿನ ಹೊತ್ತಿನ್ಯಾಗ ನಾ ಏನಂದಿದ್ದೆ?" ಎಂದೇ ಶುರು.

ಲಿಂಗಸುಗೂರಿನ ಕಾಕಾ ಇನ್ನೂ ಕಾಯುತ್ತಿದ್ದಾನೆ. ಗದಗ–ವಾಡಿ ಮಾರ್ಗದ ರೈಲು 2025ರ ಮೇನಲ್ಲಿ ಕುಷ್ಟಗಿಗೆ ಬಂತು. ಮುಂದಿನದು ತಮ್ಮ ಊರಿನ ಪಾಳಿ. ಅದು ಯಾವಾಗ ಬರುತ್ತದೋ ಶಿವನೇ ಬಲ್ಲ ಅನ್ನುತ್ತಾನೆ. ಸ್ಟೇಷನ್ ಎಲ್ಲಿ ಆಗುತ್ತದೆ ಎಂಬುದನ್ನು ಮಾತ್ರ ಶಿವನಿಗೆ ಬಿಟ್ಟಿಲ್ಲ. ಆ ದಿಕ್ಕಿನಲ್ಲಿ ಎರಡು ಸೈಟು ಹಿಡಿದು, ಒಂದಕ್ಕೆ ಕಾಂಪೌಂಡೂ ಕಟ್ಟಿಸಿದ್ದಾನೆ.

ಈ ನಡುವೆ 2025ರ ಹಿಂಗಾರಿಗೆ, ಜಲಾಶಯದ ಹಳೆಯ ಗೇಟುಗಳನ್ನು ತೆಗೆದು ಹೊಸವನ್ನು ಕೂರಿಸಬೇಕೆಂದು, ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ಸಿಂಧನೂರಿನ ಕಾಕಾ ಎರಡು ದಿನ ಬೆಂಚಿನ ಮೇಲೆ ಎಲ್ಲರಿಗೂ ಸಮಾಧಾನ ಹೇಳಿದ. ಮೂರನೇ ದಿನ ಬೆಂಚು ಖಾಲಿ. ನಸುಕಿನಲ್ಲೇ ರೈಲು ಹತ್ತಿ, ಗಿಣಿಗೇರಾದಲ್ಲಿ ಇಳಿದು, ಆಟೋ ಹಿಡಿದು ಮುನಿರಾಬಾದಿಗೆ ಹೋಗಿದ್ದನಂತೆ. ದೂರದಿಂದಲೇ ಕಣ್ಣಿಗೆ ಕೈ ಅಡ್ಡ ಹಿಡಿದು 33 ಗೇಟುಗಳನ್ನೂ ಎಣಿಸಿ ಬಂದಿದ್ದ. ಮರುದಿನ ಬೆಳಗ್ಗೆ ಹುಡುಗರು ಮುತ್ತಿಕೊಂಡರು. "ಏನ್ ಕಾಕಾ, ದೇವರ ಮ್ಯಾಲ ನಂಬಿಕಿ ಹೋತೇನು?"

ಕಾಕಾ ಮಿರ್ಚಿಯ ತೊಟ್ಟು ಹಿಡಿದು ಒಂದು ತುತ್ತು ಕಚ್ಚಿದ. "ದೇವರ ಮ್ಯಾಲ ಪೂರ್ತಿ ನಂಬಿಕಿ ಐತ್ಲೇ. ವೆಲ್ಡಿಂಗ್ ಮ್ಯಾಲ ಇಲ್ಲ."